ಮಾನಪ್ಪನ ಎಡಗೈ

ನಾನು ಒಂದು ಸುರುಳಿ. ಎರಡು ಚಕ್ಕುಲಿಗಳನ್ನು ಅಂಚಿಗೆ ಅಂಚು ತಾಗಿಸಿ ಇಟ್ಟರೆ ಹೇಗಿರುತ್ತದೋ ಹಾಗೆ ತಾಮ್ರದ ತಂತಿಯನ್ನು ಸುತ್ತಿ, ಮೇಲೆ ಬೂದು ಬಣ್ಣದ ಗಟ್ಟಿ ಹೊದಿಕೆ ಹಾಕಿ ನನ್ನನ್ನು ಮಾಡಿದರು. ನಾನು ಹುಟ್ಟಿದ್ದು ದೂರದ ಒಂದು ಚಳಿಯ ದೇಶದ ಕಾರ್ಖಾನೆಯಲ್ಲಿ. ನನ್ನನ್ನು ಸುತ್ತಿದ ಹೆಂಗಸಿನ ಮುಖ ನನಗೆ ನೆನಪಿಲ್ಲ. ಅವಳು ಒಂದು ಸುತ್ತು ತಪ್ಪಿದ್ದಕ್ಕೆ ನನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದ್ದು ಮಾತ್ರ ನೆನಪಿದೆ.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ನನ್ನನ್ನು ಒಬ್ಬ ಮನುಷ್ಯನ ತಲೆಗೆ ತಾಗಿಸಿ ಹಿಡಿಯುತ್ತಾರೆ. ಯಂತ್ರವು ನನ್ನೊಳಗೆ ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಭಾರೀ ವಿದ್ಯುತ್ತನ್ನು ನುಗ್ಗಿಸುತ್ತದೆ. ಆಗ ನನ್ನ ಸುತ್ತ ಅಯಸ್ಕಾಂತದ ಶಕ್ತಿ ಹುಟ್ಟಿ ಅಲ್ಲೇ ಅಳಿಯುತ್ತದೆ. ಕೂದಲು, ಚರ್ಮ, ಮೂಳೆ ಯಾವುದೂ ಅದನ್ನು ತಡೆಯುವುದಿಲ್ಲ. ಮೂಳೆಯ ಕೆಳಗೆ ಮಿದುಳಿನಲ್ಲಿ ಅದು ಒಂದು ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತದೆ. ಪ್ರತಿ ಸಲವೂ ನಾನು ಟಕ್ ಎಂದು ಜೋರಾಗಿ ಸದ್ದು ಮಾಡುತ್ತೇನೆ. ಅದಕ್ಕೇ ನನ್ನ ಹತ್ತಿರ ಬರುವವರೆಲ್ಲ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಳ್ಳುತ್ತಾರೆ.

ಮೊದಲ ಐದು ವರ್ಷ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದೆ. ಅಲ್ಲಿ ಕಾಲೇಜು ಹುಡುಗರು ಒಬ್ಬರ ತಲೆಗೆ ಒಬ್ಬರು ನನ್ನನ್ನು ಹಿಡಿದು, ಹೆಬ್ಬೆರಳು ತಾನಾಗಿ ಕುಣಿಯುವುದನ್ನು ನೋಡಿ ನಗುತ್ತಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾನೂ ಆಗ ನನ್ನನ್ನು ಬಹಳ ದೊಡ್ಡವನೆಂದುಕೊಂಡಿದ್ದೆ. ಆಮೇಲೆ ಅವರಿಗೆ ಹೊಸ ಯಂತ್ರ ಬಂತು. ನನ್ನನ್ನು ಹಳೆಯ ಯಂತ್ರದ ಜೊತೆಗೇ ಹುಬ್ಬಳ್ಳಿಯ ಒಂದು ನರರೋಗದ ಆಸ್ಪತ್ರೆಗೆ ಕಳಿಸಿಕೊಟ್ಟರು.

ಹುಬ್ಬಳ್ಳಿಯಲ್ಲಿ ನನ್ನನ್ನು ಹಿಡಿಯುತ್ತಿದ್ದವಳು ಶಾಹಿದಾ. ಮೂವತ್ತರ ಹೆಂಗಸು, ಗಟ್ಟಿ ಮಣಿಕಟ್ಟು. ದಿನದ ಕೊನೆಗೆ ನನ್ನನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿ, ಬಟ್ಟೆ ಹೊದಿಸಿಯೇ ಮನೆಗೆ ಹೋಗುತ್ತಿದ್ದಳು. ಆಸ್ಪತ್ರೆಯ ಡಾಕ್ಟರು ಇಟಗಿ. ಅವರು ರೋಗಿಗಳಿಗೆ ಸುಳ್ಳು ಭರವಸೆ ಕೊಡುತ್ತಿರಲಿಲ್ಲ, ಆದ್ದರಿಂದ ಅವರ ಕೋಣೆಯಿಂದ ನಗುತ್ತ ಹೊರಬಂದವರು ಕಡಿಮೆ. ನಾನು ಅಲ್ಲಿ ನೂರಾರು ಜನರನ್ನು ನೆತ್ತಿಯಿಂದ ಬಲ್ಲವನಾದೆ. ಬಿಳಿಕೂದಲಿನ ಬೈತಲೆ, ಎಣ್ಣೆ ಹಚ್ಚಿದ ನೆತ್ತಿ, ಹೊಲಿಗೆ ಬಿದ್ದ ಗುರುತು. ಕೆಲವರು ಸುಧಾರಿಸಿದರು. ಕೆಲವರು ಬರುವುದನ್ನು ನಿಲ್ಲಿಸಿದರು. ಅವರಲ್ಲಿ ಒಬ್ಬನ ಕಥೆಯನ್ನು ಮಾತ್ರ ನಾನು ಹೇಳಬೇಕು.

ಅವನ ಹೆಸರು ಮಾನಪ್ಪ ಬಡಿಗೇರ. ಗದಗ-ಬೆಟಗೇರಿಯವನು. ಬಾಗಿಲು, ಕಿಟಕಿ, ಶಾಲೆಯ ಬೆಂಚು ಮಾಡುವವನು. ಹುಟ್ಟಿನಿಂದ ಕಿವುಡ. ಅವನ ಹೆಂಡತಿ ದೇವಕ್ಕನೂ ಕಿವುಡಿ. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಕಿವುಡರ ಶಾಲೆಯಲ್ಲಿ ಓದಿದವರು, ಕೈಸನ್ನೆಯ ಭಾಷೆಯಲ್ಲಿಯೇ ಮಾತಾಡಿ, ಜಗಳಾಡಿ, ಮೂವತ್ತು ವರ್ಷ ಸಂಸಾರ ಮಾಡಿದವರು. ಅವರ ಒಬ್ಬಳೇ ಮಗಳು ಸುವರ್ಣಾಗೆ ಮಾತ್ರ ಕಿವಿ ಕೇಳುತ್ತದೆ. ಐದು ವರ್ಷದವಳಿದ್ದಾಗಿನಿಂದ ಅವಳೇ ಅಪ್ಪ ಅವ್ವನ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ಮುಟ್ಟಿಸಿದವಳು.

ಮಾನಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕಾಲು ಸ್ವಲ್ಪ ಬಂದಿತ್ತು, ಕೈ ಬಂದಿರಲಿಲ್ಲ. ಅವರು ನಮ್ಮಲ್ಲಿಗೆ ಬಂದಾಗ ಏಳು ತಿಂಗಳು ಕಳೆದಿದ್ದವು.

"ಇಷ್ಟ ದಿನ ಯಾಕ ಬಿಟ್ರಿ?" ಎಂದು ಡಾಕ್ಟರು ಕೇಳಿದರು.

ಸುವರ್ಣಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. "ಕೈ ಕಾಲಿನ ಔಷಧ ನಡದಿತ್ರಿ. ಮಾತು ಹೋಗೈತಿ ಅಂತ ಯಾರಿಗೂ ಗೊತ್ತಾಗಲಿಲ್ರಿ. ಮೊದಲನೇ ದವಾಖಾನಿಯಾಗ ಮಾತು ಹೆಂಗೈತಿ ಅಂತ ಬರಿಯೂ ಜಾಗಾದಾಗ 'ಮೊದಲಿಂದ ಮೂಗ' ಅಂತ ಬರದು ಮುಗಿಸಿಬಿಟ್ರು."

"ನೀವರ ನೋಡಬೇಕಿತ್ತಲ್ವಾ."

"ಅವ್ವಾ ದಿನಾ ಹೇಳ್ತಿದ್ಲರಿ. ನಿಮ್ಮಪ್ಪನ ಎಡಗೈ ಏನೇನೋ ಮಾತಾಡಾಕತ್ತೈತಿ, ನೀರು ಅನ್ನೂ ಬದಲಿ ಬಾಗಿಲು ಅಂತೈತಿ ಅಂತ. ನಾನ, ಎಡಗೈಲೆ ರೂಢಿ ಇಲ್ಲ, ಅದಕ್ಕ ಹಂಗ ಆಗತೈತಿ ಸುಮ್ನಿರು ಅಂದೆ." "ಏಳು ತಿಂಗಳು ನಾನ ಅವ್ವಾನ ಕೈ ಹಿಡಿದು ಸುಮ್ಮ ಕುಂದ್ರಿಸಿದ್ನಿರಿ."

ಡಾಕ್ಟರು ಬೈಯಲಿಲ್ಲ. ಮಿದುಳಿನ ಎಡಭಾಗದಲ್ಲಿ ಮಾತು ಇರುವ ಜಾಗಕ್ಕೇ ಪೆಟ್ಟು ಬಿದ್ದಿದೆ, ಬಾಯಿಂದ ಆಡುವ ಮಾತಾದರೂ ಕೈಯಿಂದ ಆಡುವ ಮಾತಾದರೂ ಅದಕ್ಕೆ ಒಂದೇ ಎಂದು ತಿಳಿಸಿ ಹೇಳಿದರು. "ದೊಡ್ಡ ರಸ್ತಾ ಬಂದಾದ್ರ ಮಂದಿ ಓಣಿ ಹಿಡಿದು ಹೋಗ್ತಾರಲ್ಲ, ಹಂಗ ಗಾಯದ ಸುತ್ತಲಿನ ನರಗಳು ಬ್ಯಾರೆ ದಾರಿ ಹುಡುಕ್ತಾವು. ಮೊದಲ ಮೂರ್ನಾಲ್ಕು ತಿಂಗಳು ಆ ಓಣಿ ಜಲ್ದಿ ತೆರೀತಾವು. ಆಮ್ಯಾಲೆ ಬಿಗಿ ಆಕ್ಕೋಂತ ಹೋಗತಾವು. ಇದರಿಂದ ಸ್ವಲ್ಪ ಸಡಿಲ ಆಗಬಹುದು. ಆಗದಿರಬಹುದು. ಹದಿನೈದು ದಿನ ಮಾಡೋಣ."

'ಇದರಿಂದ' ಎಂದಾಗ ಅವರ ಕೈ ನನ್ನ ಮೇಲಿತ್ತು.

ಮೊದಲ ದಿನ ಶಾಹಿದಾ ರೂಢಿಯಂತೆ ಮಾನಪ್ಪನ ಕೈಗೂ ಎರಡು ರಬ್ಬರಿನ ಬಿರಡೆ ಕೊಟ್ಟಳು. ಅವನು ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ, ಹೆಂಡತಿಗೆ ತೋರಿಸಿದ. ದೇವಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಶಾಹಿದಾಗೆ ನಾಚಿಕೆಯಾಯಿತು. ಆದರೂ ನಿಯಮ ನಿಯಮವೆಂದು ಅವನ ಕಿವಿಗೆ ತಾನೇ ಹಾಕಿದಳು.

ಮೊದಲು ನನ್ನನ್ನು ಅವನ ತಲೆಯ ಎಡಭಾಗಕ್ಕೆ ಹಿಡಿದರು. ಬಲಗೈಯ ದಾರಿ ಉಳಿದಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು. ಟಕ್ ಎಂದೆ. ಬಲ ಹೆಬ್ಬೆರಳು ಅಲ್ಲಾಡಲಿಲ್ಲ. ಶಾಹಿದಾ ಶಕ್ತಿ ಏರಿಸಿದಳು. ಮತ್ತೆ ಏರಿಸಿದಳು. ನನ್ನಲ್ಲಿದ್ದುದೆಲ್ಲವನ್ನೂ ಕೊಟ್ಟೆ. ಕುರ್ಚಿಯ ತೋಳಿನ ಮೇಲೆ ಆ ಕೈ ತೊಳೆದಿಟ್ಟ ಪಾತ್ರೆಯ ಹಾಗೆ ಸುಮ್ಮನೆ ಇತ್ತು. ಡಾಕ್ಟರು ಪರದೆಯ ಮೇಲಿನ ನೇರ ಗೆರೆಯನ್ನು ನೋಡಿ, ಕಾಗದದಲ್ಲಿ ಏನೋ ಬರೆದರು. ಕೈಯ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಆಮೇಲೆ ಬಲಭಾಗಕ್ಕೆ ಹಿಡಿದರು. ಟಕ್ ಎನ್ನುತ್ತಲೇ ಎಡ ಹೆಬ್ಬೆರಳು ಚಂಗನೆ ಹಾರಿತು.

ಎದುರಿಗೆ ಕುಳಿತಿದ್ದ ದೇವಕ್ಕ ಎದ್ದೇ ನಿಂತಳು. ಮಗಳ ಭುಜ ತಟ್ಟಿ, ಎರಡೂ ಕೈಯಿಂದ ಅವಸರದಲ್ಲಿ ಏನೋ ಕೇಳಿದಳು.

"ಏನಂತಾರ?" ಶಾಹಿದಾ ಕೇಳಿದಳು.

ಸುವರ್ಣಾ ತಡೆದು ಹೇಳಿದಳು. "ಅಪ್ಪಾ ಈಗ ಏನಂದಾ ಅಂತ ಕೇಳಾಕತ್ತಾಳ್ರಿ."

ಶಾಹಿದಾ ನನ್ನನ್ನು ಅವನ ತಲೆಯಿಂದ ಕೆಳಗಿಳಿಸಿದಳು. "ಏನೂ ಅಂದಿಲ್ಲವ್ವಾ. ಅದು ಮಿಷಿನ್ ಕುಣಿಸಿದ್ದು ಅಂತ ಹೇಳು."

ಸುವರ್ಣಾ ಹೇಳಿದಳು. ದೇವಕ್ಕ ಕುಳಿತಳು. ನನಗೆ ಆ ಕ್ಷಣ ಬೆಂಗಳೂರಿನ ಹುಡುಗರ ನಗು ನೆನಪಾಗಿ ಮೈಯೆಲ್ಲ ಕಹಿಯಾಯಿತು. ಬೆರಳು ಕುಣಿಸಬಲ್ಲೆನೇ ಹೊರತು ಆ ಬೆರಳಿನಿಂದ ಒಂದು ಮಾತು ಆಡಿಸುವುದು ನನ್ನಿಂದಾಗದು.

ಚಿಕಿತ್ಸೆ ಶುರುವಾಯಿತು. ಎಡಭಾಗಕ್ಕೆ ಪೆಟ್ಟು ಬಿದ್ದಾಗ ಬಲಭಾಗ ಅದರ ಮೇಲೆ ದಬ್ಬಾಳಿಕೆ ಮಾಡುತ್ತದಂತೆ. ಆದ್ದರಿಂದ ಬಲ ಹಣೆಯ ಮೇಲೆ ನನ್ನನ್ನು ಹಿಡಿದು, ಕ್ಷಣಕ್ಕೊಂದರಂತೆ ಇಪ್ಪತ್ತು ನಿಮಿಷ ಬಡಿದು ಅದನ್ನು ತುಸು ತಣ್ಣಗಾಗಿಸುವುದು. ಅದಾದ ಮೇಲೆ ಸ್ವಲ್ಪ ಹೊತ್ತು ಮಿದುಳು ಕಲಿಯುವುದಕ್ಕೆ ಮೆತ್ತಗಿರುತ್ತದೆ. ಆ ಹೊತ್ತಿನಲ್ಲಿ ಮಾತು ಕಲಿಸಬೇಕು. ಆಸ್ಪತ್ರೆಯಲ್ಲಿ ಮಾತು ಕಲಿಸುವವರಿದ್ದರು, ಸನ್ನೆ ಬಲ್ಲವರು ಯಾರೂ ಇರಲಿಲ್ಲ. ಆದ್ದರಿಂದ ಸುವರ್ಣಾಳೇ ಚಿತ್ರಗಳನ್ನು ಹಿಡಿದು ಅಪ್ಪನ ಎದುರಿಗೆ ಕೂರುತ್ತಿದ್ದಳು. ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ದಿನವೂ ಬೆಳಗಿನ ಬಸ್ಸಿಗೆ ಇಬ್ಬರನ್ನೂ ಕರೆತರುತ್ತಿದ್ದಳು.

ಆರನೆಯ ದಿನ ಲೋಟದ ಚಿತ್ರ ನೋಡಿ ಮಾನಪ್ಪ ಎಡಗೈಯಿಂದ 'ನೀರು' ಎಂದ. ಸುವರ್ಣಾ ಚಿತ್ರಗಳನ್ನು ಕೆಳಗೆ ಚೆಲ್ಲಿ ಅಪ್ಪನ ಮೊಣಕಾಲ ಮೇಲೆ ಮುಖವಿಟ್ಟಳು. ಒಂಬತ್ತನೆಯ ದಿನ 'ಸಾಕು' ಬಂತು. ಹನ್ನೊಂದನೆಯ ದಿನಕ್ಕೆ ಎಂಟು ಮಾತುಗಳಾದವು.

ದೇವಕ್ಕನ ಫೋಟೋ ತೋರಿಸಿದಾಗ ಮಾತ್ರ ಆಗುತ್ತಿರಲಿಲ್ಲ. ಕಿವುಡರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸನ್ನೆಯ ಹೆಸರಿರುತ್ತದೆ. ದೇವಕ್ಕನ ಗದ್ದದ ಮೇಲೆ ಒಂದು ಮಚ್ಚೆಯಿದೆ. ಗದ್ದಕ್ಕೆ ಬೆರಳು ತಾಗಿಸಿದರೆ ಅದೇ ಅವಳ ಹೆಸರು. ಶಾಲೆಯಲ್ಲಿದ್ದಾಗ ಆ ಹೆಸರಿಟ್ಟವನು ಮಾನಪ್ಪನೇ. ಈಗ ಅವನು ಫೋಟೋ ನೋಡುತ್ತಿದ್ದ, ಎಡಗೈ ಮೇಲೆತ್ತುತ್ತಿದ್ದ, ಅದು ಎದೆಯ ಮಟ್ಟದಲ್ಲಿ ನಿಲ್ಲುತ್ತಿತ್ತು. ಆಮೇಲೆ ಹಿಂದಕ್ಕೆ ಮುಂದಕ್ಕೆ ಆಡುತ್ತಿತ್ತು. ಅದು ಗರಗಸದ ಸನ್ನೆ. ಪ್ರತಿ ಸಲವೂ ಗರಗಸ. ದೇವಕ್ಕ ತನ್ನ ಗದ್ದಕ್ಕೆ ಬೆರಳಿಟ್ಟು ತೋರಿಸುತ್ತಿದ್ದಳು. ಅವನು ಹೌದೆಂದು ತಲೆಯಾಡಿಸಿ, ಮತ್ತೆ ಎತ್ತಿ, ಮತ್ತೆ ಗರಗಸ ಎಳೆಯುತ್ತಿದ್ದ. ತಪ್ಪೆಂದು ಅವನಿಗೇ ಗೊತ್ತಾಗುತ್ತಿತ್ತು. ಒಂದು ದಿನ ಆ ಕೈಯನ್ನು ಕುರ್ಚಿಯ ತೋಳಿಗೆ ಗೆಣ್ಣು ಸುಲಿಯುವಂತೆ ಬಡಿದುಕೊಂಡ. ದೇವಕ್ಕ ಅದನ್ನು ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

ಹನ್ನೆರಡನೆಯ ದಿನ ನಾನು ಕೆಟ್ಟೆ. ವರ್ಷಗಟ್ಟಲೆ ಬಡಿದ ಬಡಿತಕ್ಕೆ ನನ್ನ ಹೊದಿಕೆ ಒಳಗೆ ಸೀಳು ಬಿಟ್ಟಿತ್ತು. ಅರ್ಧದಲ್ಲಿಯೇ ಮೈ ಕಾದು ಬಂತು, ಯಂತ್ರ ತಾನಾಗಿ ನಿಂತಿತು. ಶಾಹಿದಾ ಎರಡು ಸಲ ಮತ್ತೆ ಹಚ್ಚಿ ನೋಡಿದಳು. ನನಗೆ ಒಂದೇ ಒಂದು ಟಕ್ ಎನ್ನಬೇಕೆಂಬ ಆಸೆ. ಆಗಲಿಲ್ಲ.

"ಹೊಸಾದು ಹೊರದೇಶದಿಂದ ಬರಬೇಕು. ಒಂದೂವರಿ ತಿಂಗಳರ ಬೇಕು," ಎಂದರು ಡಾಕ್ಟರು.

"ಇನ್ನ ಮೂರ ದಿನ ಇತ್ತಲ್ರಿ ಸರ್. ಈಗ ಬರಾಕತ್ತಿತ್ತು," ಎಂದಳು ಸುವರ್ಣಾ. ಯಾರನ್ನು ನೋಡಿ ಹೇಳಬೇಕೋ ತಿಳಿಯದೆ ನನ್ನನ್ನೇ ನೋಡಿ ಹೇಳಿದಳು.

ದೇವಕ್ಕ ಹತ್ತಿರ ಬಂದು ನನ್ನ ಮೇಲೆ ಅಂಗೈ ಇಟ್ಟಳು. ಮಗಳ ಕಡೆ ತಿರುಗಿ ಏನೋ ಅಂದಳು.

"ಇದಕ್ಕೂ ಜ್ವರಾ ಬಂದಾವು ಅಂತಾಳ್ರಿ," ಎಂದು ಸುವರ್ಣಾ ಅತ್ತಳು.

ನನ್ನನ್ನು ಬಿಚ್ಚಿ ಗಾಜಿನ ಬೀರುವಿನಲ್ಲಿಟ್ಟರು. ಹೊಸ ಸುರುಳಿ ಬಂದ ಮೇಲೆ ಅವರು ಮತ್ತೆ ಬಂದರು, ಹದಿನೈದು ದಿನವನ್ನೂ ಪೂರ್ತಿ ಮಾಡಿದರು. ನಾನು ಬೀರುವಿನೊಳಗಿಂದ ನೋಡುತ್ತಿದ್ದೆ. ನನ್ನ ಸ್ಥಾನದಲ್ಲಿದ್ದವನು ನನಗಿಂತ ಚೆನ್ನಾಗಿಯೇ ಕೆಲಸ ಮಾಡಿದ. ಎಂಟು ಮಾತು ಹನ್ನೊಂದಾದವು, ಅಲ್ಲಿಗೆ ನಿಂತವು. ನಡುವಿನ ಆ ಒಂದೂವರೆ ತಿಂಗಳಿಂದ ಹೀಗಾಯಿತೋ, ಮೊದಲಿನ ಏಳು ತಿಂಗಳಿಂದ ಆಯಿತೋ, ಹೇಗೂ ಹೀಗೇ ಆಗುತ್ತಿತ್ತೋ ಎಂದು ಸುವರ್ಣಾ ಡಾಕ್ಟರನ್ನು ಕೇಳಿದಳು. "ಗೊತ್ತಿಲ್ಲವ್ವಾ," ಎಂದರು ಅವರು. ಅದು ನಿಜವಾದ ಉತ್ತರವೆಂದು ನನಗೆ ಗೊತ್ತು, ಏಕೆಂದರೆ ನನಗೂ ಗೊತ್ತಿಲ್ಲ.

ಈಗ ಒಂದು ವರ್ಷವಾಗಿದೆ. ನಾನು ಅದೇ ಕೋಣೆಯ ಮೂಲೆಯಲ್ಲಿ, ಬಾಯಿ ತೆರೆದ ರಟ್ಟಿನ ಪೆಟ್ಟಿಗೆಯೊಳಗೆ, ಹಳೆಯ ಕೀಲಿಮಣೆ, ಸುಟ್ಟ ವೈರುಗಳ ಜೊತೆಗಿದ್ದೇನೆ. ಕೆಟ್ಟ ಯಂತ್ರಗಳನ್ನು ಒಯ್ಯುವ ಗಾಡಿ ನಾಳೆ ಬರುತ್ತದಂತೆ. ನನ್ನ ತಾಮ್ರವನ್ನು ಕರಗಿಸುತ್ತಾರೆ. ಅದಕ್ಕೆ ನನಗೆ ದುಃಖವಿಲ್ಲ. ಇಂದು ಮಧ್ಯಾಹ್ನ ಕಂಡದ್ದನ್ನು ಹೇಳಿ ಮುಗಿಸುತ್ತೇನೆ.

ಅಂಗವಿಕಲರ ಸರ್ಟಿಫಿಕೇಟಿಗೆ ಡಾಕ್ಟರ ಸಹಿ ಬೇಕೆಂದು ಮೂವರೂ ಬಂದಿದ್ದರು. ಮಾನಪ್ಪ, ದೇವಕ್ಕ ಬಾಗಿಲಾಚೆಯ ಬೆಂಚಿನ ಮೇಲೆ ಕುಳಿತರು. ಸುವರ್ಣಾ ಒಳಗೆ ಬಂದು, ಕಾಗದವನ್ನು ಡಾಕ್ಟರ ಮುಂದಿಟ್ಟು, ಶಾಹಿದಾಳ ಹತ್ತಿರ ನಿಂತಳು.

"ಹೆಂಗದಾರವ್ವಾ ನಿಮ್ಮಪ್ಪಾ?" ಎಂದು ಶಾಹಿದಾ ಕೇಳಿದಳು.

"ಹಂಗ ಅದಾರ್ರಿ. ಹಸಿವಿಗೆ ಕಿಟಕಿ ಅಂತಾರ, ನೋವಿಗೆ ರವಿವಾರ ಅಂತಾರ. ಮೊದಮೊದಲು ಅವ್ವಾ ತಿದ್ದತಿದ್ಲು. ಈಗ ತಿದ್ದೂದು ಬಿಟ್ಟಾಳ. ಅವರ ತಪ್ಪು ಎಲ್ಲಾ ತಾನ ಕಲತಾಳ್ರಿ. ಅವಳೂ ಹಂಗ ಮಾತಾಡತಾಳ ಅವರ ಕೂಡ."

"ಮತ್ತ ನಿಮ್ಮವ್ವನ ಹೆಸರು?"

ಸುವರ್ಣಾ ಎಡಗೈಯನ್ನು ಗರಗಸದಂತೆ ಹಿಂದಕ್ಕೆ ಮುಂದಕ್ಕೆ ಎಳೆದು ತೋರಿಸಿದಳು. "ಹೋದ ತಿಂಗಳು ಕಿವುಡರ ಸಂಘದ ಮೀಟಿಂಗಿನ್ಯಾಗ ಅವ್ವಾ ಎದ್ದು ನಿಂತು, ಇನ್ನ ಮ್ಯಾಲೆ ನನ್ನ ಹೆಸರು ಇದು, ಎಲ್ಲಾರೂ ಹಿಂಗ ಕರೀರಿ ಅಂದ್ಲು."

ಡಾಕ್ಟರು ಸಹಿ ಮಾಡುತ್ತಿದ್ದವರು ಪೆನ್ನು ಎತ್ತಿದರು. "ಹೊಸಾ ದಾರಿ ಬಿದ್ದಾವು ಅಂತಾಯ್ತು," ಎಂದು ಮೆಲ್ಲಗೆ ಅಂದರು. "ಬಿದ್ದದ್ದು ನಿಮ್ಮವ್ವನ ತಲಿಯಾಗ."

ಆ ತಲೆಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ.

"ಆದ್ರ ಮೇಡಂ," ಸುವರ್ಣಾ ಶಾಹಿದಾಗೆ ಹೇಳಿದಳು, "ನನಗೀಗ ಅಪ್ಪನ ಮಾತು ತಿಳಿಯೂದಿಲ್ರಿ. ಅವ್ವಾನ್ನ ಕೇಳಬೇಕು. ಅವ್ವಾ ಇಲ್ಲದಿದ್ರ ಅಪ್ಪಗ ಯಾರದಾರ ಹೇಳ್ರಿ."

ಶಾಹಿದಾ ಡಾಕ್ಟರ ಸಹಿಯಾದ ಕಾಗದವನ್ನು ಅವಳ ಕೈಗೆ ಕೊಟ್ಟಳು.

ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಮಾನಪ್ಪನ ಎಡಗೈ ಮೇಲೆದ್ದಿತು. ಎರಡು ಸಲ ತೆರೆದು ಮುಚ್ಚಿತು, ಪಕ್ಕಕ್ಕೆ ಹೊರಳಿತು. ಏನು ಹೇಳಿದನೋ ನನಗೆ ತಿಳಿಯಲಿಲ್ಲ. ಸುವರ್ಣಾಳೂ ನೋಡಿದಳು, ಅವಳಿಗೂ ತಿಳಿಯಲಿಲ್ಲ. ದೇವಕ್ಕ ಬೆಂಚಿನಿಂದ ಇಳಿದು, ಅವನ ಕಾಲ ಬಳಿ ಕುಳಿತು, ಬಲಗಾಲಿನ ಚಪ್ಪಲಿಯ ಬಾರನ್ನು ಸಡಿಲ ಮಾಡಿದಳು.