ನಾದಿನಿಯ ಮೂಗು

ಪುಸ್ತಕ ಬಂದದ್ದು ಸೋಮವಾರ. ರಟ್ಟಿನ ಮೇಲೆ ಚಿಟ್ಟೆಯ ಚಿತ್ರವಿದ್ದ ಒಂದು ನೋಟ್‌ಬುಕ್ಕು, ಕುತ್ತಿಗೆಗೆ ದಾರ ಕಟ್ಟಿಸಿಕೊಂಡು ನಮ್ಮ ಲಾಂಡ್ರಿಯ ಬಾಗಿಲ ಮೊಳೆಗೆ ನೇತುಬಿದ್ದಿತ್ತು. ಮೊದಲ ಪುಟದಲ್ಲಿ ದುಂಡಗೆ ಬರೆದಿತ್ತು: 'ಈ ವಸಂತದ ಪುಟ್ಟ ಸುಖಗಳು. ಎಲ್ಲರೂ ದಿನಕ್ಕೊಂದು ಬರೆಯಿರಿ.' ಓದಿದ ಕೂಡಲೇ ನನಗೆ ಹೇಸಿಗೆಯಾಯಿತು.

ನಮ್ಮದು ಆಸ್ಪತ್ರೆಯ ಲಾಂಡ್ರಿ. ಮುನ್ನೂರು ಹಾಸಿಗೆಯ ಚಾದರ, ದಿಂಬಿನ ಕವರು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲ ಇಲ್ಲಿಗೇ ಬರಬೇಕು. ರಕ್ತ, ಕೀವು, ವಾಂತಿ, ಉಚ್ಚೆ ಎಲ್ಲವೂ ಅದರ ಜೊತೆಗೇ ಬರುತ್ತವೆ. ಒಮ್ಮೆ ಒಂದು ಹಲ್ಲಿನ ಸೆಟ್ಟೂ ಬಂದಿತ್ತು. ಅದರ ನಡುವೆ ನಿಂತು ಪುಟ್ಟ ಸುಖ ಹುಡುಕಬೇಕಂತೆ. ಥೂ!

ಇದು ಉಸಿರಮ್ಮನ ಕೆಲಸ. ಹೊಸ ಮೇಲ್ವಿಚಾರಕಿ, ಬಂದು ಮೂರು ತಿಂಗಳು. ಯಾರು ಏನು ಹೇಳಿದರೂ ಕಣ್ಣು ಅರ್ಧ ಮುಚ್ಚಿ "ಮೊದಲು ನಿಮ್ಮ ಉಸಿರನ್ನು ಗಮನಿಸಿ" ಎನ್ನುತ್ತಿದ್ದಳು. ಮಿಷನ್ನು ಕೆಟ್ಟು ನೆಲದ ತುಂಬ ನೀರು ಹರಿದಾಗಲೂ ಅದನ್ನೇ ಅಂದಳು. ಅವತ್ತೇ ಆ ಹೆಸರು ಬಿತ್ತು. ಮೂರನೇ ಮಹಡಿಯಲ್ಲಿ, ಸದಾ ಕಿಟಕಿ ಮುಚ್ಚಿದ ತಣ್ಣನೆಯ ಕೋಣೆಯಲ್ಲಿ ಕೂತವಳಿಗೆ ಉಸಿರು ಗಮನಿಸುವುದೇನು ಕಷ್ಟ? ಕೆಳಗೆ ನಮ್ಮಲ್ಲಿ ಬಂದು ಗಮನಿಸಲಿ, ಗೊತ್ತಾಗುತ್ತದೆ.

ಇಸ್ತ್ರಿ ಅಕ್ಕ ಮೊದಲ ದಿನ 'ಬಿಸಿ ಚಹಾ' ಎಂದು ಬರೆದಳು. ಮರುದಿನ 'ಮೇಲಿನಂತೆ' ಎಂದು ಬರೆದಳು. ನಾನು 'ಇಲ್ಲ' ಎಂದು ಬರೆದೆ. ಉಸಿರಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಮುಖ ಇಡೀ ಕೋಣೆಯ ವಸಂತ ಹಾಳು ಮಾಡುತ್ತೆ. ಸ್ವಲ್ಪ ಸಡಿಲ ಬಿಡಿ" ಎಂದಳು. ಮುಖವೇನು ಲಾಡಿಯೇ, ಸಡಿಲ ಬಿಡುವುದಕ್ಕೆ?

ನನ್ನ ಮುಖದ ವಿಷಯ ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ಅದು ಹೀಗೇ. ಸಣ್ಣ ನಾತ ಬಂದರೆ ಸಾಕು, ಮೂಗು ತಾನೇ ಮುರಿದುಕೊಳ್ಳುತ್ತದೆ, ತುಟಿ ಒಂದು ಕಡೆ ಹೋಗುತ್ತದೆ. ಅಮ್ಮ ಬೈದು ಬೈದು ಸಾಕಾಗಿ ಬಿಟ್ಟಳು. ಮನಸ್ಸಿನಲ್ಲಿರುವುದೆಲ್ಲ ನೋಟೀಸ್ ಬೋರ್ಡಿನ ಹಾಗೆ ಮುಖದ ಮೇಲೆ ಬಂದು ಅಂಟುತ್ತದೆ.

ಲಾಂಡ್ರಿಯಲ್ಲಿ ನನ್ನ ಕೆಲಸ ಮಡಚುವುದು. ಒಣಗಿದ ಚಾದರಗಳನ್ನು ಮಡಚಿ, ಹತ್ತರ ಅಟ್ಟಿ ಮಾಡಿ, ಎದುರಿನ ಮೇಜಿಗೆ ದೂಡುತ್ತೇನೆ. ಅದು ಮೂಸುವ ಮೇಜು. ಅಲ್ಲಿ ನನ್ನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ, ಕೂತಿರುತ್ತಾಳೆ. ಕಣ್ಣಿಗೆ ಬೆಳ್ಳಗೆ ಕಂಡ ಚಾದರವೆಲ್ಲ ಶುದ್ಧ ಅಲ್ಲ. ಸೋಪು ಸರಿಯಾಗಿ ಹೋಗದಿದ್ದರೆ, ಒದ್ದೆ ಬಟ್ಟೆ ಮಿಷನ್ನಿನಲ್ಲೇ ಕೂತರೆ, ಒಣಗಿದ ಮೇಲೂ ಒಂದು ಕಮಟು ಉಳಿಯುತ್ತದೆ. ಅದನ್ನು ಹಿಡಿಯುವುದು ಮೂಗು ಮಾತ್ರ. ಅತ್ತಿಗೆ ಅಟ್ಟಿಯ ನಡುವೆ ಮೂಗಿಡುತ್ತಾಳೆ, 'ಸರಿ' ಎಂದರೆ ಚೀಟಿಗೆ ಸೀಲು ಒತ್ತುತ್ತಾಳೆ, 'ವಾಪಸ್' ಎಂದರೆ ಅಟ್ಟಿ ಮತ್ತೆ ನೀರಿಗೆ. ಹತ್ತೊಂಬತ್ತು ವರ್ಷದಲ್ಲಿ ಅವಳು 'ಸರಿ' ಎಂದದ್ದು ಒಂದೂ ವಾರ್ಡಿನಿಂದ ಹಿಂದೆ ಬಂದಿರಲಿಲ್ಲ. ಅವಳ ಮೂಗೆಂದರೆ ಡಾಕ್ಟರುಗಳಿಗೂ ನಂಬಿಕೆ.

ಈ ಚಳಿಗಾಲದಲ್ಲಿ ಅವಳಿಗೆ ಕೆಟ್ಟ ಜ್ವರ ಬಂದು ಹೋಯಿತು. ಎದ್ದು ಬಂದವಳೇ ಗೋಡೆಯ ಕಡೆಗಿದ್ದ ಮೇಜನ್ನು ನನ್ನ ಕಡೆಗೆ ತಿರುಗಿಸಿಕೊಂಡಳು. "ಬೆಳಕು ಸಾಲದು ಕಣೇ" ಎಂದಳು. ಮೂಸುವವಳಿಗೆ ಬೆಳಕು ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ಬುಧವಾರ ಅತ್ತಿಗೆ ಪುಸ್ತಕದಲ್ಲಿ ಬರೆದಳು: 'ಹಿತ್ತಲ ಮರ ಮೊದಲ ಸಲ ಹೂ ಬಿಟ್ಟಿದೆ. ಏನು ಘಮ! ಒಂದು ನಿಮಿಷ ಕಿಟಕಿಯಲ್ಲಿ ನಿಂತೆ.'

ಲಾಂಡ್ರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಏಳು ವರ್ಷದ ಹಿಂದೆ ಯಾವುದೋ ಅಧಿಕಾರಿ ಫೋಟೊ ತೆಗೆಸಿಕೊಳ್ಳಲು ನೆಟ್ಟ ಸಸಿ ಅದು. ಈಗ ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಪು ಹೂ. ನೋಡಲು ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ನಾತ! ಒದ್ದೆ ಕಾಲುಚೀಲದೊಳಗೆ ಕೊಳೆತ ಮೊಟ್ಟೆ ಒಡೆದ ಹಾಗೆ. ಕೊಳೆ ಬಟ್ಟೆ ವಿಂಗಡಿಸುವವರೇ ಆ ಕಿಟಕಿ ಮುಚ್ಚಿಬಿಟ್ಟಿದ್ದರು ಎಂದರೆ ಲೆಕ್ಕ ಹಾಕಿ.

"ನಿಮ್ಮತ್ತಿಗೆ ಉಸಿರಮ್ಮನಿಗೆ ಚೆನ್ನಾಗಿ ಬತ್ತಿ ಇಟ್ಟಳು!" ಎಂದಳು ಇಸ್ತ್ರಿ ಅಕ್ಕ. ಅತ್ತಿಗೆಯೂ ನಕ್ಕಳು, ಆದರೆ ಎಲ್ಲರೂ ನಕ್ಕ ಮೇಲೆ ನಕ್ಕಳು.

ಉಸಿರಮ್ಮ ಮಾತ್ರ ನಗಲಿಲ್ಲ. ಪುಸ್ತಕ ಎದೆಗವಚಿಕೊಂಡು, "ನೋಡಿ, ಬದುಕುವುದು ಅಂದ್ರೆ ಇದು! ಶುಕ್ರವಾರ ಊಟಕ್ಕೆ ಮೊದಲು ಎಲ್ಲರೂ ಆ ಮರದ ಕೆಳಗೆ ಕೂರೋಣ. ಘಮವನ್ನು ಗಮನಿಸೋಣ. ಇವರೇ ನಮಗೆ ಹೇಳಿಕೊಡ್ತಾರೆ" ಎಂದು ಅತ್ತಿಗೆಯ ಭುಜ ತಟ್ಟಿದಳು.

ಸಂಜೆ ಮನೆಯಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದೆ. ನಮ್ಮದು ಎರಡು ಕೋಣೆಯ ಮನೆ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಇದ್ದವರ ನಡುವೆ ಬಹುವಚನ ಉಳಿಯುವುದಿಲ್ಲ.

"ಅದೇನು ತಮಾಷೆ ಅತ್ತಿಗೆ? ಶುಕ್ರವಾರ ಆ ನಾತದಲ್ಲಿ ಕೂತು ಸಾಯಬೇಕು ನಾವು."

ಅವಳು ಪಾತ್ರೆ ಒರೆಸುತ್ತಿದ್ದವಳು ನಿಲ್ಲಿಸಿದಳು. "ನಾರುತ್ತೇನೇ ಅದು?"

ಆ ಒಂದು ಮಾತಿಗೆ ನನಗೆ ಹೋದ ವಾರದ ಇಲಿ ನೆನಪಾಯಿತು. ಪೆಟ್ಟಿಗೆಯ ಹಿಂದೆ ಸತ್ತು ಉಬ್ಬಿದ್ದ ಇಲಿ. ನಾನು ಹೊರಗಿನಿಂದ ಬಂದು ಬಾಗಿಲಲ್ಲೇ ಓಕರಿಸಿದ್ದೆ. ಅತ್ತಿಗೆ ಅದರಿಂದ ಒಂದು ಮೊಳ ದೂರದಲ್ಲಿ ಆರಾಮಾಗಿ ಕೂತು ಅನ್ನ ತಿನ್ನುತ್ತಿದ್ದಳು.

"ಯಾವಾಗಿಂದ?" ಎಂದೆ.

"ಜ್ವರ ಬಂದಾಗಿಂದ. ಒಂದು ಚೂರೂ ಬರಲ್ಲ ಕಣೇ. ನಿನ್ನಾಣೆ, ಬೆಂಕಿ ಬಿದ್ರೂ ಹೊಗೆ ಗೊತ್ತಾಗಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ." ಮತ್ತೆ ಪಾತ್ರೆ ಎತ್ತಿಕೊಂಡು, "ಹೂ ನೋಡಿದ್ನಲ್ಲ, ಅಷ್ಟು ಕೆಂಪಗಿದೆ, ಘಮ ಇದ್ದೇ ಇರುತ್ತೆ ಅಂದ್ಕೊಂಡೆ" ಎಂದಳು.

ಮೂಗು ಹೋಗಿದೆ ಎಂದು ಗೊತ್ತಾದರೆ ಮೇಜೂ ಹೋಗುತ್ತದೆ. ಉಳಿದಿರುವ ಜಾಗ ಒಂದೇ, ಬಟ್ಟೆ ಬೇಯಿಸುವ ಆವಿ ಕೋಣೆ. ಹೋದ ವರ್ಷ ಯಾರೋ ಬಾರದಿದ್ದಾಗ ಅಲ್ಲಿ ಎರಡು ದಿನ ನಿಂತಿದ್ದಳು, ಮೂರನೇ ದಿನ ಅವಳನ್ನು ಉಸಿರು ಸಿಕ್ಕದೆ ಟ್ರಾಲಿಯ ಮೇಲೆ ಮಲಗಿಸಿ ತಂದರು. ಅವಳ ಎದೆಗೆ ಆವಿ ಆಗುವುದಿಲ್ಲ.

"ಮತ್ತೆ ಇಷ್ಟು ದಿನ ಮೇಜು ಹೇಗೆ ನಡೆಸಿದೆ?"

"ನಡೀತಿದೆಯಲ್ಲ? ಒಂದಾದರೂ ವಾಪಸ್ ಬಂತಾ?"

"ಇಲ್ಲ. ಆದ್ರೂ..."

"ಮತ್ತೇನು? ನೀನು ಹೇಗಿದ್ದೀಯೋ ಹಾಗೇ ಇರು. ಅಷ್ಟು ಸಾಕು."

ಸಿಟ್ಟು ಬಂತು. ಮನೆಗೆ ಬೆಂಕಿ ಬಿದ್ದಿರುವಾಗ ಹಾಗೇ ಇರಬೇಕಂತೆ!

ಶುಕ್ರವಾರ ಚಾಪೆ ಹಾಸಿದರು. ಮಿಷನ್ನು ಒಗೆದು ನಿಂತಿದ್ದರೂ ಒದ್ದೆ ಚಾದರ ತೆಗೆಯಲು ಬಿಡದೆ ಉಸಿರಮ್ಮ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟಳು. "ಕೆಲಸ ಎಲ್ಲಿಗೂ ಓಡಿ ಹೋಗಲ್ಲ" ಎಂದಳು. ಮರದಿಂದ ಹತ್ತು ಹೆಜ್ಜೆ ಇರುವಾಗಲೇ ಅವಳ ನಡಿಗೆ ನಿಧಾನವಾಯಿತು. ಐದು ಹೆಜ್ಜೆಗೆ ಮುಖ ಬೂದಿಯಾಯಿತು. ಆದರೆ ಹೊಗಳಿಯಾಗಿತ್ತು, ಚಾಪೆ ಹಾಸಿಯಾಗಿತ್ತು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ಅತ್ತಿಗೆಯ ಕಡೆ ತಿರುಗಿದಳು. "ಇದು... ಇದೇ ಘಮಾನಾ?"

ಅತ್ತಿಗೆ ಸೆರಗು ಸರಿಪಡಿಸಿಕೊಂಡು ನನ್ನ ಕಡೆ ನೋಡಿದಳು. ಇನ್ನು ತಡೆದರೆ ಕೆಟ್ಟಿತು ಅನ್ನಿಸಿತು. ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ನಾನು ನಕ್ಕೆ. ಮುರಿಯಲು ಹೊರಟ ಮೂಗನ್ನು ಹಿಡಿದು ನಿಲ್ಲಿಸಿ, ಎದೆ ತುಂಬ ಆ ಹೊಲಸನ್ನು ಎಳೆದುಕೊಂಡು, "ಆಹಾ, ಘಮಘಮ ಅಂತಿದೆ" ಎಂದೆ.

ಇಸ್ತ್ರಿ ಅಕ್ಕನಿಗೆ ಕಾರಣ ಗೊತ್ತಿರಲಿಲ್ಲ, ಆದರೆ ಉಸಿರಮ್ಮನನ್ನು ಅಲ್ಲೇ ಕೂರಿಸುವ ಅವಕಾಶ ಯಾರು ಬಿಡುತ್ತಾರೆ? "ಮನೆಗೆ ಒಂದು ಕೊಂಬೆ ಒಯ್ಯೋಣ ಅಂತಿದ್ದೀನಿ ಮೇಡಂ" ಎಂದಳು. ಇನ್ನೊಬ್ಬಳು ಕಣ್ಣು ಮುಚ್ಚಿ ತಲೆದೂಗಿದಳು. ಉಸಿರಮ್ಮ ಬಾಯಲ್ಲಿ ಉಸಿರಾಡುತ್ತಾ ಕೂತಳು. ಅದು ಮುಗಿದು, ಊಟವೂ ಮುಗಿದು ಒಳಗೆ ಬರುವಾಗ ಎರಡು ಗಂಟೆ ಹೊತ್ತು ಕಳೆದಿತ್ತು.

ಗೆದ್ದೆವು ಅಂದುಕೊಂಡೆ. ಆದರೆ ಪೀಡೆ ಬೆನ್ನು ಬಿಡಲಿಲ್ಲ. ಚಾದರ ಒಣಗಿ ನನ್ನ ಮೇಜಿಗೆ ಬರುವ ಹೊತ್ತಿಗೆ ಉಸಿರಮ್ಮ ಫೋನು ಹಿಡಿದು ಮತ್ತೆ ಪಕ್ಕದಲ್ಲಿ ನಿಂತಿದ್ದಳು. "ನಿಮ್ಮ ಮುಖದಲ್ಲಿ ಇವತ್ತು ನಗು ನೋಡಿದೆ. ಹಾಗೇ ಇಟ್ಕೊಳ್ಳಿ, ಫೋಟೊ ತೆಗೀತೀನಿ."

ಮೊದಲ ಚಾದರ ಬಿಡಿಸುತ್ತಲೇ ಕಮಟು ಬಂತು. ಬಿಸಿ ಮಿಷನ್ನಿನಲ್ಲಿ ಎರಡು ಗಂಟೆ ಒದ್ದೆಯಾಗಿ ಕೂತ ಬಟ್ಟೆ ಕಮಟದೆ ಇರುತ್ತದೆಯೇ? ಬಾಯಿಬಿಟ್ಟು ಹೇಳೋಣವೆಂದರೆ, ಮೂಸುವವಳಿಗಿಂತ ಮೊದಲು ಮಡಚುವವಳು ಯಾಕೆ ಹೇಳುತ್ತಾಳೆ ಎಂದು ಈ ಮಹಾತಾಯಿ ಕೇಳದೆ ಬಿಡುವುದಿಲ್ಲ. ಇವಳು ತೊಲಗಲಿ, ಆಮೇಲೆ ಅಟ್ಟಿಯನ್ನು ಮೆಲ್ಲಗೆ ಎಳೆದುಕೊಂಡರಾಯಿತು ಎಂದು ಹಲ್ಲು ಕಿರಿಯುತ್ತಲೇ ಮಡಚಿದೆ, ಹಲ್ಲು ಕಿರಿಯುತ್ತಲೇ ದೂಡಿದೆ.

ಅತ್ತಿಗೆ ಅಟ್ಟಿಗೆ ಮೂಗಿಟ್ಟು ಕಣ್ಣೆತ್ತಿ ನನ್ನನ್ನು ನೋಡಿದಳು. "ಸರಿ" ಎಂದು ಸೀಲು ಒತ್ತಿದಳು. ಅಷ್ಟರಲ್ಲಿ ಟ್ರಾಲಿ ಮಾವ ಬಂದ. ಉಸಿರಮ್ಮ ತಾನೇ ಅಟ್ಟಿ ಎತ್ತಿ ಗಾಡಿಗಿಟ್ಟು, "ಹೆರಿಗೆ ವಾರ್ಡಿನವರು ಕಾಯ್ತಿದ್ದಾರೆ, ಬೇಗ" ಎಂದು ಕಳಿಸಿಯೇ ಬಿಟ್ಟಳು. ನಾನಿನ್ನೂ ಹಲ್ಲು ಕಿರಿದುಕೊಂಡೇ ನಿಂತಿದ್ದೆ.

ಅರ್ಧ ಗಂಟೆ ಆಗಿರಲಿಲ್ಲ. ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್ ಸ್ವತಃ ಬಂದು ಆ ಅಟ್ಟಿಯನ್ನು ಅತ್ತಿಗೆಯ ಮೇಜಿನ ಮೇಲೆ ಕುಕ್ಕಿದರು.

"ಇದರ ಮೇಲೆ ಹಸುಗೂಸು ಮಲಗಿಸ್ಬೇಕಾ? ಸೀಲು ಒತ್ತಿದವರು ಯಾರು? ಮೂಗು ಹೋಗಿದೆಯಾ ಏನು?"

ಅತ್ತಿಗೆ ಅಟ್ಟಿಯನ್ನು ನೋಡಲಿಲ್ಲ, ಸಿಸ್ಟರನ್ನೂ ನೋಡಲಿಲ್ಲ. ನನ್ನ ಕಡೆ ನೋಡಿದಳು. ಸಿಟ್ಟಿಲ್ಲ, ಬರೀ ಅರ್ಥವಾಗದ ನೋಟ. ಮೆಲ್ಲಗೆ ಕೇಳಿದಳು:

"ಯಾಕೇ ನಕ್ಕೆ ನೀನು?"

ಆಗ ಹೊಳೆಯಿತು. ತಿರುಗಿಸಿಟ್ಟ ಮೇಜು. ಸಾಲದ ಬೆಳಕು. 'ನೀನು ಹೇಗಿದ್ದೀಯೋ ಹಾಗೇ ಇರು.' ಚಳಿಗಾಲದಿಂದ ಇವಳು ಒಂದು ಅಟ್ಟಿಯನ್ನೂ ಮೂಸಿಲ್ಲ. ಊರೆಲ್ಲ ಬೈದ ನನ್ನ ಈ ಹಾಳು ಮುಖವನ್ನು ಓದಿದ್ದಾಳೆ. ನನ್ನ ಮೂಗು ಮುರಿದರೆ 'ವಾಪಸ್', ಮುರಿಯದಿದ್ದರೆ 'ಸರಿ'. ಅವಳನ್ನು ಉಳಿಸಲು ಹೋಗಿ ಅವಳ ಮೂಗನ್ನು ನಾನೇ ಕೊಯ್ದಿದ್ದೆ. ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

"ಇಲ್ಲೇ ನೋಡಿಬಿಡೋಣ" ಎಂದರು ಸಿಸ್ಟರ್. ಕಪಾಟಿನಿಂದ ಒಳ್ಳೆಯವು, ಮಿಷನ್ನಿನಲ್ಲಿ ಕೂತಿದ್ದ ಉಳಿದವು, ಎಲ್ಲ ಬೆರೆಸಿ ಐದು ಅಟ್ಟಿ ಇಡಿಸಿದರು. "ಎಲ್ಲ ಬೆಳ್ಳಗಿವೆ. ಯಾವುದು ಕೆಟ್ಟದ್ದು ಅಂತ ಈಗ ಹೇಳಿ."

ಎತ್ತಿಕೊಡಲು ಉಸಿರಮ್ಮ ನನಗೇ ಹೇಳಿದಳು. ಜೊತೆಗೆ, "ಮುಖ ಸಡಿಲ ಬಿಡಿ" ಎಂದೂ ಸೇರಿಸಿದಳು.

ಬಿಟ್ಟೆ. ಮೊದಲನೆಯದನ್ನು ಎತ್ತಿದೆ, ಬಿಸಿಲಿನ ವಾಸನೆ. "ಸರಿ" ಎಂದಳು ಅತ್ತಿಗೆ. ಎರಡನೆಯದೂ ಸರಿ. ಮೂರನೆಯದನ್ನು ಎತ್ತಿದೆ. ಮೂಗು ಮುರಿಯಿತು, ತುಟಿ ವಾರೆಯಾಯಿತು. ಆ ಮರ, ಆ ಚಿಟ್ಟೆ ಪುಸ್ತಕ, ಆ ಚಾಪೆ, ಮಧ್ಯಾಹ್ನದಿಂದ ತಡೆದಿಟ್ಟಿದ್ದ ಎಲ್ಲ ಹೇಸಿಗೆಯೂ ಮುಖಕ್ಕೆ ಬಂದು ನಿಂತಿತು.

"ವಾಪಸ್" ಎಂದಳು ಅತ್ತಿಗೆ. ನಾಲ್ಕನೆಯದು ಸರಿ. ಐದನೆಯದು ವಾಪಸ್.

ಸಿಸ್ಟರ್ ಒಂದೊಂದನ್ನೂ ತಾವೇ ಮೂಸಿದರು. "ಮೂಗು ಸರಿಯಾಗೇ ಇದೆಯಲ್ಲ. ಮತ್ತೆ ಅದು ಹೇಗೆ ದಾಟ್ತು?"

"ಎರಡು ಗಂಟೆ ಬಟ್ಟೆ ಒದ್ದೆಯಲ್ಲೇ ಕೂತಿತ್ತು, ತಾಯಿ. ನಾವೆಲ್ಲ ಹಿತ್ತಲ ಮರದ ಕೆಳಗೆ ಕೂತಿದ್ವಿ. ಅಲ್ಲಿಂದ ಎದ್ದು ಬಂದ್ರೆ ಯಾರ ಮೂಗು ಉಳಿಯುತ್ತೆ?" ಎಂದಳು ಅತ್ತಿಗೆ.

"ಆ ಮರದ ಕೆಳಗಾ! ಯಾರ ಬುದ್ಧಿ ಅದು?"

ಉಸಿರಮ್ಮ ತನ್ನ ಉಸಿರನ್ನು ಗಮನಿಸುತ್ತಾ ನಿಂತಿದ್ದಳು.

ಮನೆಗೆ ನಡೆಯುವಾಗ ಕೇಳಿದೆ, "ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನಾಟಕ ಶುರು ಮಾಡ್ತಿದ್ದೆ. ನಿನಗೆ ನಾಟಕ ಬರಲ್ಲ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಇವತ್ತು ಅಷ್ಟು ಚೆನ್ನಾಗಿ ಮಾಡ್ತೀಯ ಅಂತ ನನಗೇನು ಗೊತ್ತು?" ಎಂದಳು.

ಮರುದಿನ ಬೆಳಿಗ್ಗೆ ಹಾಳು ಪುಸ್ತಕ ಇನ್ನೂ ಅಲ್ಲೇ ನೇತಾಡುತ್ತಿತ್ತು. ದಾಟಿ ಹೋಗುವಾಗ, ನಿನ್ನೆ ಸಂಜೆ ಬರೆದಿಟ್ಟ ಅತ್ತಿಗೆಯ ಅಕ್ಷರ ಕಂಡಿತು: 'ಇವತ್ತಿನ ಪುಟ್ಟ ಸುಖ: ನನ್ನ ನಾದಿನಿ ಮತ್ತೆ ಮೂಗು ಮುರಿದಳು.'

ಹೋಗಿ ನನ್ನ ಮೇಜಿನ ಹತ್ತಿರ ನಿಂತೆ. ಮೊದಲ ಅಟ್ಟಿ ಮಡಚಿ ದೂಡಿದೆ. ಅತ್ತಿಗೆ ಮೂಗಿಟ್ಟು, ಕಣ್ಣೆತ್ತಿ, ಸೀಲನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟಳು. ನನ್ನ ಕಣ್ಣು ತುಂಬಿ ಮುಖವೆಲ್ಲ ಒದ್ದೆಯಾಗಿತ್ತು, ಥತ್.

"ಇದೇನೇ ಇದು?" ಎಂದು ಪಿಸುಗುಟ್ಟಿದಳು. "ಸರಿ ಅನ್ಲಾ, ವಾಪಸ್ ಅನ್ಲಾ?"

"ಸರಿ, ಒತ್ತು" ಎಂದೆ.