ಬಾಯಿಗೂಡಿದ ಪೆಟ್ಟಿಗೆ

"ಇದ್ರ ಬಾಯಿ ಎಲ್ಲದವ್ವಾ?" ಎಂದು ಸೋದರಮಾವ ಶಿವಣ್ಣ ಕೇಳಿದಾಗ ವನಿತಾಳಿಗೆ ನಗಬೇಕೋ, ಅಂಗಡಿಯಿಂದ ಎದ್ದು ಹೋಗಬೇಕೋ ತಿಳಿಯಲಿಲ್ಲ. ಅವನು ಆಗಲೇ ಮೇಜಿನ ಸುತ್ತ ಒಂದು ಸುತ್ತು ಬಂದಿದ್ದ. ಕಂಪ್ಯೂಟರಿನ ಹಿಂದಿನ ವೈರುಗಳನ್ನು ದನದ ಬಾಲ ಎತ್ತಿ ನೋಡುವ ಹಾಗೆಯೇ ಎತ್ತಿ ನೋಡಿದ್ದ. ಪೆಟ್ಟಿಗೆಯ ಬೆನ್ನ ಮೇಲೆ ಅಂಗೈಯಿಟ್ಟು ಬಿಸಿ ಎಷ್ಟಿದೆ ಎಂದು ತೂಗಿದ್ದ. ಆ ಪೆಟ್ಟಿಗೆ ಎರಡು ದಪ್ಪ ನಿಘಂಟುಗಳನ್ನು ಒಂದರ ಮೇಲೊಂದು ಮಲಗಿಸಿದಷ್ಟೇ ಇತ್ತು.

"ಬಾಯಿ ಅಂದ್ರೆ ಸಿಡಿ ಹಾಕೋ ಜಾಗನಾ ಯಜಮಾನ್ರೇ?" ನಂಜನಗೂಡಿನ ಆ ಹಳೇ ಕಂಪ್ಯೂಟರ್ ಅಂಗಡಿಯ ನಂಜೇಶ್ ಒಂದು ಗುಂಡಿ ಒತ್ತಿದ. ಕಪ್ಪು ತಟ್ಟೆಯೊಂದು ಸರ್ರನೆ ಹೊರಗೆ ಬಂತು. ಶಿವಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ನಾಲ್ಗೆ ಚಾಚ್ತದಲ್ಲಪ್ಪಾ! ನಾಲ್ಗೆ ಬ್ಯಾಡ, ಅಲ್ಲು ತೋರ್ಸು."

ಹುಲ್ಲಹಳ್ಳಿಯ ಶಿವಣ್ಣ ನಲವತ್ತು ವರ್ಷಗಳಿಂದ ಹಲ್ಲು ನೋಡಿ ವಯಸ್ಸು ಹೇಳುವ ದನದ ದಲ್ಲಾಳಿ. ವನಿತಾಳ ಮನೆಯಲ್ಲಿ ಪಂಪ್‌ಸೆಟ್ಟಿನಿಂದ ಹಿಡಿದು ಗೋಡೆ ಗಡಿಯಾರದವರೆಗೆ ಏನು ಕೊಳ್ಳುವುದಿದ್ದರೂ ಅವನು ಮುಂದೆ ನಿಲ್ಲಬೇಕು. ನಿನ್ನೆ ಸೋಸಲೆಯಲ್ಲಿ ತಾಯಿ ಕೆಂಪಾಜಮ್ಮ ಹೇಳಿದ್ದೂ ಅದನ್ನೇ: "ನಿಮ್ಮಾವ ಇಲ್ದೆ ಯಾಪಾರಕ್ಕೆ ಓಗ್ಬ್ಯಾಡ. ನೀನು ಬಾಯಿ ಬುಡಲ್ಲ, ಅವ್ರು ಏಳಿದ್ದಕ್ಕೆಲ್ಲ ತಲೆ ಆಡುಸ್ಕಂಡು ಬತ್ತೀಯ." ಆಮೇಲೆ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದ್ದಳು: "ನಾಳೆ ಮಿಷಿನ್ ಬಂದ್ರೆ ಸರಿ. ಇಲ್ದಿದ್ರೆ ಸೋಮವಾರ ಆರು ಗಂಟೆಗೆ ವ್ಯಾನು. ಡ್ರೈವರ್‌ಗೆ ಏಳಿವ್ನಿ."

ವ್ಯಾನು ಎಂದರೆ ನಂಜನಗೂಡಿನ ಕಡೆಯ ಗಾರ್ಮೆಂಟ್ ಕಾರ್ಖಾನೆಗೆ ಹುಡುಗಿಯರನ್ನು ತುಂಬಿಕೊಂಡು ಹೋಗುವ ವ್ಯಾನು. ಕಳೆದ ತಿಂಗಳವರೆಗೆ ವನಿತಾ ತಿ.ನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕ, ಚಿಕ್ಕಸ್ವಾಮಿಯವರ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ತಿಥಿ ಕಾರ್ಡು ಮಾಡುತ್ತ ಮೂರು ವರ್ಷ ಕೂತಿದ್ದಳು. ಬಿ.ಎ. ಮುಗಿಸಿದವಳಿಗೆ ಆ ಮೂಲೆ ಸರಿಹೊಂದಿತ್ತು. ಅಲ್ಲಿ ಮಾತು ಕಡಿಮೆ, ಅಕ್ಷರ ಹೆಚ್ಚು. ಚಿಕ್ಕಸ್ವಾಮಿ ಬಾಗಿಲು ಎಳೆದುಕೊಂಡು ಮೈಸೂರಿಗೆ ಹೋಗುವಾಗ ಹಳೆಯ ಪ್ರಿಂಟರನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ರಸ್ತೆಗೆ ಮುಖ ಮಾಡಿದ್ದ ಮನೆಯ ಮುಂದಿನ ಕೋಣೆಯಲ್ಲಿ ಅದೀಗ ಹಳೆ ಸೀರೆ ಹೊದ್ದು ಕಂಪ್ಯೂಟರಿಗಾಗಿ ಕಾಯುತ್ತಿತ್ತು. ಅಂಚೆ ಕಚೇರಿಯಲ್ಲಿ ಅವಳು ಕೂಡಿಟ್ಟ ಹಣಕ್ಕೆ ಹೊಸ ಮಿಷಿನ್ ಬರುವುದಿಲ್ಲ, ಹಳೆಯದಾದರೆ ಒಂದು ಬರುತ್ತದೆ. ಆ ಒಂದನ್ನು ತಪ್ಪಾಗಿ ತಂದರೆ ಮತ್ತೊಂದು ಇಲ್ಲ.

ನಂಜೇಶ್ ಪೆಟ್ಟಿಗೆಯ ಮುಚ್ಚಳವನ್ನು ಪುಸ್ತಕದ ಹಾಗೆ ತೆರೆದ. ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ. ವನಿತಾಳ ಕಣ್ಣು ನೇರವಾಗಿ ಮೆಮೊರಿ ಕೂರಿಸುವ ಸಂದುಗಳ ಕಡೆ ಹೋಯಿತು. ಇದ್ದದ್ದು ಎರಡು, ಎರಡೂ ತುಂಬಿದ್ದವು. ಎರಡರಲ್ಲೂ ನೂರಿಪ್ಪತ್ತೆಂಟು ಎಂಬಿ.

"ಎರಡೂ ತುಂಬವೆ ಮಾವ," ಎಂದಳು ಮೆಲ್ಲಗೆ. "ಮುಂದಕ್ಕೆ ಸೇರಿಸೋಕೆ ಜಾಗ ಇಲ್ಲ."

"ಅಂಗಂದ್ರೆ ಬಾಯಿಗೂಡದೆ ಅನ್ನು." ಶಿವಣ್ಣನ ಮುಖ ಬೆಳಗಿತು. ಕೊನೆಗೂ ತಿಳಿದ ದಾರಿ ಸಿಕ್ಕಿತ್ತು. ಎಂಟು ಹಲ್ಲೂ ಬಂದು ಬಾಯಿ ತುಂಬಿದ ಎತ್ತು ಇನ್ನು ಬೆಳೆಯುವುದಿಲ್ಲ. ದುಡಿಯುತ್ತದೆ, ಆದರೆ ದಿನದಿನಕ್ಕೆ ಬೆಲೆ ಇಳಿಯುತ್ತದೆ. "ಬಾಯಿಗೂಡಿದ್ದನ್ನ ಎಳೆಗರು ರೇಟಲ್ಲಿ ಮಾರ್ತಾ ಇದ್ದೀಯಲ್ಲಪ್ಪಾ ನಂಜೇಶ!"

"ಅಯ್ಯೋ ಯಜಮಾನ್ರೇ, ಇದು ಹಾಗಲ್ಲ." ನಂಜೇಶ್ ಒಂದು ಪಟ್ಟಿಯನ್ನು ಟಕ್ಕೆಂದು ಕಿತ್ತು ಅವನ ಅಂಗೈ ಮೇಲಿಟ್ಟ. "ಹಳೇ ಹಲ್ಲು ಕೀಳೋದು, ಅದೇ ಸಂದಿಗೆ ದೊಡ್ಡ ಹಲ್ಲು ಹಾಕೋದು. ಎರಡು ಜಿಬಿ ತನಕ ಹೋಗುತ್ತೆ."

ಶಿವಣ್ಣ ಆ ಹಸಿರು ಪಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖದ ಬೆಳಕು ಆರಿತು. "ಅಲ್ಲ ಕಣವ್ವಾ," ಎಂದು ಸೊಸೆಯ ಕಡೆ ತಿರುಗಿದ, "ಬಾಯಿಗೂಡದೆ, ಆದ್ರೂ ಹೊಸ ಅಲ್ಲು ಬತ್ತದೆ. ಇದಕ್ಕೆ ವಯಸ್ಸು ಎಷ್ಟು ಅಂತ ಏಳಾದು?"

ವನಿತಾಳಿಗೂ ಗೊತ್ತಿರಲಿಲ್ಲ. ಅವಳ ಪರ್ಸಿನೊಳಗೆ ಚಿಕ್ಕಸ್ವಾಮಿ ಬರೆದುಕೊಟ್ಟ ಚೀಟಿಯಿತ್ತು: ಚಿಕ್ಕ ಡಬ್ಬ ತಗೋಬೇಡ. ಮುಂದೆ ಏನೂ ಸೇರಿಸೋಕೆ ಆಗಲ್ಲ. ಪವರ್ ಸಪ್ಲೈ ಹೋದರೆ ಅದೇ ಅಳತೆಯದು ಸಿಗಲ್ಲ. ಚೀಟಿ ತೆಗೆದು ಓದಿದರೆ ನಂಜೇಶ್ ಏನೆಂದುಕೊಳ್ಳುತ್ತಾನೋ ಎಂದು ಅವಳು ಪರ್ಸಿನ ಜಿಪ್ಪನ್ನು ಎಳೆಯುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು.

"ಹಿಂದೆ ಕಾರ್ಡ್ ಹಾಕೋಕೆ ಜಾಗ?" ಎಂದಷ್ಟೇ ಕೇಳಿದಳು.

"ಒಂದಿದೆ ಮೇಡಂ. ಆದ್ರೆ ಗಿಡ್ಡ ಕಾರ್ಡೇ ಬೇಕು. ಬೆಂಗಳೂರಲ್ಲಿ ಹುಡುಕಿದ್ರೆ ಸಿಗುತ್ತೆ." ನಂಜೇಶ್ ಹಿಂಬದಿಯ ಒಂದು ಸಣ್ಣ ತಗಡಿನ ಪಟ್ಟಿಯನ್ನು ಉಗುರಿನಿಂದ ತಟ್ಟಿ ತೋರಿಸಿದ. "ಸೇರ್ಸೋದೇ ನಿಮ್ ಯೋಚನೆ ಆದ್ರೆ ಅದನ್ನ ತಗೊಳ್ಳಿ. ಎರಡಕ್ಕೂ ಒಂದೇ ರೇಟು. ಮಾನಿಟರ್ ಸಮೇತ ಒಂಬತ್ತು ಸಾವಿರ."

ಅವನು ತೋರಿಸಿದ್ದು ಮೂಲೆಯಲ್ಲಿ ನಿಂತಿದ್ದ ಎತ್ತರದ ಡಬ್ಬ. ಅದರ ಪಕ್ಕೆ ಬಿಚ್ಚಿದಾಗ ಶಿವಣ್ಣ ಬಗ್ಗಿ ಒಳಗೆ ಇಣುಕಿದ. "ಇದೇನಪ್ಪಾ, ಇಷ್ಟು ಖಾಲಿ ಬುಟ್ಟವ್ರೆ? ಒಂದು ಕರ ಕಟ್ಬೋದು ಒಳಗೆ." ಮೆಮೊರಿಯ ಸಂದುಗಳು ಮೂರು ಖಾಲಿ, ಕಾರ್ಡಿಗೆ ನಾಲ್ಕು ಜಾಗ, ಇನ್ನೊಂದು ಹಾರ್ಡ್ ಡಿಸ್ಕಿಗೂ ಎಡೆ. ಆದರೆ ಪ್ರೊಸೆಸರ್ ಮಾತ್ರ ಎರಡು ತಲೆಮಾರು ಹಿಂದಿನದು. ಬೆಳೆಯಲು ಜಾಗವಿದ್ದದ್ದು ನಿಧಾನ, ವೇಗವಾಗಿದ್ದದ್ದಕ್ಕೆ ಜಾಗವಿಲ್ಲ. ವನಿತಾ ಒಂದರಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿದಳು. ಇದನ್ನು ನೋಡಿದಾಗ ಅದೇ ಸರಿ ಎನಿಸುತ್ತಿತ್ತು, ಅದನ್ನು ನೋಡಿದಾಗ ಇದು.

"ಎರಡನ್ನೂ ಮಲಗ್ಸಿ ಎಬ್ಬುಸು, ನೋಡನ," ಎಂದ ಶಿವಣ್ಣ. ಸಂತೆಯಲ್ಲಿ ಎತ್ತಿನ ಕಾಲಿನ ಕಸುವು ತಿಳಿಯುವುದು ಹಾಗೆಯೇ. ನಂಜೇಶ್ ನಗುತ್ತಲೇ ಕಿತ್ತ ಪಟ್ಟಿಯನ್ನು ಮತ್ತೆ ಕೂರಿಸಿ ಎರಡನ್ನೂ ಆನ್ ಮಾಡಿದ. ಚಿಕ್ಕದು ಒಂದು ಸಲ ಗುರ್ರೆಂದು ಎದ್ದು ನಿಂತಿತು. ದೊಡ್ಡದು ಗೊರಗುಟ್ಟಿತು, ಸುಮ್ಮನಾಯಿತು, ಮತ್ತೆ ಗೊರಗುಟ್ಟಿತು. ಶಿವಣ್ಣ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಅಗಿದು, ಬೀದಿಗೆ ಹೋಗಿ ಉಗಿದು ಬಂದರೂ ಅದು ಪೂರ್ತಿ ಎದ್ದಿರಲಿಲ್ಲ.

"ಮಂಡಿ ಇಡ್ಕಂಡದೆ," ಎಂದ.

"ಮೆಮೊರಿ ಜಾಸ್ತಿ ಹಾಕಿದ್ರೆ ಅದೂ ಓಡುತ್ತೆ," ಎಂದ ನಂಜೇಶ್.

ವನಿತಾ ಚೀಲದಿಂದ ಒಂದು ಸಿಡಿ ತೆಗೆದಳು. ಅದರಲ್ಲಿದ್ದದ್ದು ತಾನೇ ಮಾಡಿದ್ದ ಲಗ್ನಪತ್ರಿಕೆ. ಈಗೀಗ ಎಲ್ಲರೂ ಹುಡುಗ ಹುಡುಗಿಯ ಫೋಟೋ ಬೇಕೆನ್ನುತ್ತಾರೆ. ಚಿಕ್ಕದು ಅದನ್ನು ತಡವರಿಸುತ್ತ ತೆರೆಯಿತು. ಮದುಮಗಳ ಮುಖ ಮೇಲಿನಿಂದ ಒಂದೊಂದೇ ಅಂಗುಲ ಇಳಿದು ಬಂತು. ಬಂತೇನೋ ನಿಜ. ಆದರೆ ಮುಂದಿನ ವರ್ಷ ಜನ ನಾಲ್ಕು ಫೋಟೋ ಕೇಳಿದರೆ? ಈಗ ಅವಳು ಸಿಡಿಯನ್ನು ದೊಡ್ಡದಕ್ಕೆ ಹಾಕಿದಳು. ಮರಳಿನ ಗಡಿಯಾರದ ಗುರುತು ಪರದೆಯ ನಡುವೆ ನಿಂತುಕೊಂಡಿತು. ಬಿಳಿಯ ಹಾಳೆ. ಹುಡುಗಿಯ ಕೂದಲಿನ ಒಂದು ಕಪ್ಪು ಗೆರೆ. ಅಷ್ಟರಲ್ಲಿ ಟಪ್ಪೆಂದು ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಂತಿತು. 2006ರ ಕ್ಯಾಲೆಂಡರಿನ ಹಾಳೆ ಗೋಡೆಗೆ ಅಂಟಿ ಸುಮ್ಮನಾಯಿತು. "ಶನಿವಾರ ಹೋದ್ರೆ ಇನ್ನು ಬರೋದು ನಾಲ್ಕು ಗಂಟೆಗೇ," ಎಂದು ನಂಜೇಶ್ ರಟ್ಟಿನ ತುಂಡೊಂದರಿಂದ ಗಾಳಿ ಹಾಕಿಕೊಂಡ. "ಇವತ್ತೇ ಹೇಳ್ಬಿಡಿ ಮೇಡಂ. ಸಂಜೆ ಇನ್ನೊಬ್ರು ಬರ್ತಾರೆ."

ಅವಳ ಕೈ ಮತ್ತೆ ಪರ್ಸಿನ ಜಿಪ್ಪಿಗೆ ಹೋಯಿತು. ಚೀಟಿ ದೊಡ್ಡದು ಎನ್ನುತ್ತಿತ್ತು. ಕಂಡದ್ದು ಚಿಕ್ಕದು ಎನ್ನುತ್ತಿತ್ತು. ಎರಡೂ ಬೇಡವೆಂದರೆ ಸೋಮವಾರ ಆರು ಗಂಟೆ.

ಶಿವಣ್ಣ ಹೆಗಲಿನ ಟವೆಲ್ಲನ್ನು ಎಳೆದ. "ಅವನ ಮುಂದೆ ಬಾಯಿ ಬುಡ್ಬ್ಯಾಡ ಮಗ. ಕೈ ಕೊಡು. ನಿನ್ನ ಮನ್ಸಲ್ಲಿ ಎಷ್ಟದೆ, ಬೆರಳು ಇಡ್ಕಂಡು ಏಳು."

ಅವಳು ಚಿಕ್ಕವಳಿದ್ದಾಗ ಹಬ್ಬಕ್ಕೆ ಬಂದ ಮಾವ ಹೀಗೆಯೇ ಟವೆಲಿನಡಿ ಆಡಿಸುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು ಮಿಠಾಯಿ, ಎರಡು ಹಿಡಿದರೆ ಎರಡು. ದಲ್ಲಾಳಿಗಳು ಸಂತೆಯಲ್ಲಿ ಸಾವಿರಗಳನ್ನು ಹೇಳುವುದೂ ಅದೇ ಲೆಕ್ಕದಲ್ಲಿ. ಟವೆಲ್ಲು ಅವಳ ಕೈ ಮೇಲೆ ಬಿತ್ತು. ಒಳಗೆ ಮಾವನ ಒರಟು ಬೆರಳುಗಳು ಬಿಚ್ಚಿಕೊಂಡು ಕಾದಿದ್ದವು. ಅವಳು ತೋರುಬೆರಳು ಮುಟ್ಟಿದಳು, ಬಿಟ್ಟಳು. ಎರಡು ಹಿಡಿದಳು, ಬಿಟ್ಟಳು. ಬೆಲೆ ಅವಳ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೊನೆಗೆ ಏನೂ ತೋಚದೆ, ಬಾವಿಗೆ ಇಣುಕುವಾಗ ಮಗು ಹಿಡಿಯುವ ಹಾಗೆ, ಆ ಕೈಯನ್ನು ಇಡಿಯಾಗಿ ಹಿಡಿದುಕೊಂಡುಬಿಟ್ಟಳು.

ಶಿವಣ್ಣ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ಐದು," ಎಂದ ನಂಜೇಶನಿಗೆ. "ನಮ್ಮುಡುಗಿ ಬೆಲೆ ಕಟ್ಟವ್ಳೆ. ಐದು ಸಾವ್ರ."

"ಐದಾ!" ನಂಜೇಶ್ ರಟ್ಟು ಕೆಳಗಿಟ್ಟ. "ಮೇಡಂ, ನೋಡೋಕೆ ಇಷ್ಟು ಮೆತ್ತಗಿದ್ದೀರ!"

ಅಲ್ಲ, ನಾನು ಬೆಲೆ ಹೇಳಲಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರೊಳಗೆ ಇಬ್ಬರೂ ಮಾತಿಗೆ ಬಿದ್ದಿದ್ದರು. ಎಂಟೂವರೆಯಿಂದ ಎಂಟು. "ಮಂಡಿ ಇಡ್ಕಂಡಿರದು ಒಂದು, ಬಾಯಿಗೂಡಿರದು ಒಂದು, ಎರಡ್ನೂ ಕಟ್ಕಂಡು ಕೂತಿದ್ದೀಯ, ಮೇವು ದಂಡ ಕಣಪ್ಪಾ ನಿಂಗೆ." ಏಳೂವರೆ. ಶಿವಣ್ಣ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದ. ಆರೂವರೆಗೆ ನಂಜೇಶ್ ಕೈಮುಗಿದ. "ಆಯ್ತು ಬಿಡಿ. ಯಾವುದಕ್ಕೆ ಈ ರೇಟು? ಯಾವ್ದು ಕಟ್ಲಿ?"

ಶಿವಣ್ಣ ವನಿತಾಳ ಕಡೆ ತಿರುಗಿದ. ಟವೆಲ್ಲು ಹೆಗಲ ಮೇಲೆಯೇ ಇತ್ತು.

"ಚಿಕ್ಕದು," ಎಂದಳು ವನಿತಾ. ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಪರ್ಸು ತೆರೆದು, ಚೀಟಿಯನ್ನು ಬದಿಗೆ ಸರಿಸಿ, ಹಣ ತೆಗೆದಳು.

ತಿ.ನರಸೀಪುರದ ಬಸ್ಸಿನಲ್ಲಿ ಶಿವಣ್ಣ ಮಾನಿಟರನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತ. ಚಿಕ್ಕ ಪೆಟ್ಟಿಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ವನಿತಾಳ ತೊಡೆಯ ಮೇಲಿತ್ತು. ಕಂಡಕ್ಟರ್ ಬಂದು ಎರಡನ್ನೂ ನೋಡಿದ. "ಲಗೇಜ್ ಆಯ್ತದೆ."

"ಇದಕ್ಕೆ ಬೇಕಾರೆ ಟಿಕೇಟ್ ಅರಿ. ಅದು ಮಡ್ಲಲ್ಲಿ ಕೂತದೆ," ಎಂದ ಶಿವಣ್ಣ. "ಮಡ್ಲಲ್ಲಿರೋ ಕೂಸಿಗೆ ಟಿಕೇಟ್ ಅರಿತೀಯಾ ನೀನು?"

ಕಂಡಕ್ಟರ್ ನಕ್ಕು ಒಂದಕ್ಕೇ ಟಿಕೇಟು ಹರಿದ. ಊರು ದಾಟಿದ ಮೇಲೆ ಗಾರ್ಮೆಂಟಿನ ವ್ಯಾನು ಹಾರನ್ ಹಾಕುತ್ತ ಬಸ್ಸನ್ನು ಹಿಂದೆ ಹಾಕಿತು. ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ ಒಂದು ಮುಖ, ಅದರ ಹಿಂದೆ ನಗುತ್ತಿದ್ದ ಒಂದು ಮುಖ ಕಂಡು ಧೂಳಿನಲ್ಲಿ ಮರೆಯಾದವು.

"ಸರಿಯಾಗೇ ತಕ್ಕಂಡ್ವಾ ಮಗ?" ಶಿವಣ್ಣ ಮೆಲ್ಲಗೆ ಕೇಳಿದ.

"ಗೊತ್ತಿಲ್ಲ ಮಾವ."

"ನಂಗೂವೆ."

ಸ್ವಲ್ಪ ಹೊತ್ತಿಗೆ ಅವನ ತಲೆ ಮಾನಿಟರಿನ ಮೇಲೆ ವಾಲಿತು. ವನಿತಾ ಟವೆಲ್ಲಿನೊಳಗೆ ಕೈ ತೂರಿಸಿ ಪೆಟ್ಟಿಗೆಯ ಹಿಂಬದಿಯನ್ನು ತಡವಿದಳು. ವೈರಿನ ತೂತುಗಳು, ಪ್ರಿಂಟರಿನ ಅಗಲದ ಬಾಯಿ, ಅದರ ಪಕ್ಕ ಗಿಡ್ಡ ಕಾರ್ಡಿನ ಜಾಗ ಮುಚ್ಚಿದ್ದ ಸಣ್ಣ ತಗಡು. ಉಗುರಿನಿಂದ ಅದರ ಅಂಚನ್ನು ಮೀಟಿದಳು. ಅಲುಗಿದ ಹಾಗಾಯಿತು. ಅಲುಗಿದ್ದು ತಗಡೋ, ಬಸ್ಸೋ ತಿಳಿಯಲಿಲ್ಲ. ಬೆರಳನ್ನು ಅಲ್ಲಿಂದ ತೆಗೆಯದೆ, ರಸ್ತೆಯ ಮುಂದಿನ ಹಳ್ಳಕ್ಕೆ ಕಾಯುತ್ತ ಕೂತಳು.