ಗಂಡಂದಿರು ಹೆಂಡತಿಯರಾದ ನಾಟಕ

ನಮ್ಮ ಹೋಲ್ಸ್ಟೆಬ್ರೋ ಊರಿನಲ್ಲಿ ಸೈನ್ಯದಿಂದ ಮರಳಿದವರು ಮತ್ತು ಅವರ ಮನೆಯವರು ಸೇರುವುದಕ್ಕೆಂದೇ ಒಂದು ಮನೆಯಿದೆ. ಅದರ ಅಡುಗೆಮನೆ ನನ್ನ ವಶದಲ್ಲಿದೆ. ನಾನು ಪ್ರೆಬೆನ್. ಬ್ಯಾರಕಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದರೂ ಸೌಟು ಕೈಬಿಡಲಿಲ್ಲ. ಮಂಗಳವಾರ ಸಂಜೆ ಅಲ್ಲಿ ಒಮ್ಮೊಮ್ಮೆ ಹಾಡು, ಒಮ್ಮೊಮ್ಮೆ ಚಿತ್ರ ಬಿಡಿಸುವುದು. ಆ ಚಳಿಗಾಲ ಮಾತ್ರ ನಾಟಕ.

ಕಲಿಸಲು ಬಂದವರು ಗುಡ್ರುನ್ ಟೀಚರ್, ಶಾಲೆಯ ಮಕ್ಕಳಿಂದ ನಾಟಕ ಮಾಡಿಸುತ್ತಲೇ ತಲೆ ನರೆತವರು. ಅವರ ಯಜಮಾನರು ಹಿಂದೆ ಸೈಪ್ರಸ್ಸಿನ ಶಾಂತಿಪಡೆಯಲ್ಲಿದ್ದರು. ಹಾಗಾಗಿ ಕಾಯುವುದೆಂದರೇನು ಅಂತ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಮೊದಲು ಹೆಂಗಸರಷ್ಟೇ ಹಾಲ್‌ಗೆ ಹೋದರು. ಗಂಡಸರು ನನಗೆ ಸಹಾಯ ಮಾಡುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಆಲೂಗಡ್ಡೆ ಸುಲಿಯತೊಡಗಿದರು. ಇಡೀ ಪಟಾಲಂಗೆ ಸಾಲುವಷ್ಟು ಸುಲಿದರು. ಒಂದು ಸಂಜೆ ಟೀಚರ್ ಮಂಡಿನೋವಿನ ಕಾಲೆಳೆದುಕೊಂಡು ಒಳಗೆ ಬಂದರು.

"ಅಲ್ರಯ್ಯಾ, ಯುದ್ಧಕ್ಕೆ ಹೆದರದವರು ನಾಟಕಕ್ಕೆ ಹೆದರ್ತೀರಲ್ಲ!"

"ಯುದ್ಧದಲ್ಲಿ ಹಾಡಿ ಕುಣೀರಿ ಅಂತ ಯಾರೂ ಹೇಳ್ಲಿಲ್ಲ ಟೀಚರ್," ಅಂದ ಆಸ್ಗರ್, ತಲೆ ಎತ್ತದೆ.

ಆಸ್ಗರ್ ಹೆಲ್ಮಂಡ್‌ಗೆ ಯುದ್ಧಕ್ಕೆಂದು ಎರಡು ಸಲ ಹೋಗಿ ಬಂದ ಸಾರ್ಜೆಂಟ್. ಅಲ್ಲಿಂದ ಬಂದ ಮೇಲೆ ಮಾತು ಕಡಿಮೆಯಾಗಿತ್ತು. ಅವನ ಹೆಂಡತಿ ಸಿಡ್ಸೆಲ್ ಊರಿನ ಬಸ್ ಓಡಿಸುತ್ತಾಳೆ. ಬಾಯಿ ಜೋರು, ಮನಸ್ಸು ಬೆಣ್ಣೆ.

"ಕುಣಿಯೋದು ಬೇಡಪ್ಪ," ಅಂದರು ಟೀಚರ್. "ನೀವು ಗಂಡಸರು ಹೆಂಡತಿಯರ ಪಾತ್ರ ಮಾಡಿ. ಅವರು ನಿಮ್ಮ ಪಾತ್ರ ಮಾಡ್ತಾರೆ. ಗಂಡ ಯುದ್ಧದಿಂದ ಮನೆಗೆ ಬರ್ತಾನೆ, ಅಷ್ಟೇ ಕಥೆ."

ಎಲ್ಲರೂ ಹೋ ಎಂದು ನಕ್ಕರು. ಆ ನಗುವಿನಲ್ಲೇ ಅರ್ಧ ಜನ ನಾಟಕಕ್ಕೆ ಸಿಕ್ಕಿಬಿದ್ದರು. ಆಸ್ಗರ್ ಕೂಡ ಹೆಂಡತಿಯ ಬಸ್ಸಿನ ಜಾಕೆಟ್ ತೊಟ್ಟು ಬಂದ. ಗುಂಡಿ ಹಾಕಲು ಆಗುತ್ತಿರಲಿಲ್ಲ.

"ಹೊಟ್ಟೆ ಒಳಗೆಳ್ಕೋ ಮಾರಾಯ, ಹೊಲಿಗೆ ಬಿಟ್ರೆ ನಾಳೆ ನಾನೇನು ಹಾಕ್ಕೊಂಡು ಬಸ್ ಓಡಿಸ್ಲಿ?" ಅಂತ ಸಿಡ್ಸೆಲ್ ರೇಗಿಸಿದಳು.

ಅಭ್ಯಾಸ ಶುರುವಾಯಿತು. ಟೀಚರ್ ಮಾತು ಬರೆದುಕೊಡಲಿಲ್ಲ. ಮನೆಯಲ್ಲಿ ಕಂಡದ್ದನ್ನು ಮಾಡಿ ಅಂದರು. ಸಿಡ್ಸೆಲ್ ಒಂದು ಕುರ್ಚಿಯನ್ನು ಕಾರು ಮಾಡಿಕೊಂಡಳು. ಮನೆ ಮುಂದೆ ಬಂದಂತೆ ಬ್ರೇಕ್ ಹಾಕಿ, ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. ಆಮೇಲೆ ಇಳಿಯಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆ, ಕಣ್ಣು ಎಲ್ಲೋ. ಹಾಗೇ ಕೂತಳು. ಯಾರೋ ಕಿಸಕ್ಕೆಂದರು.

"ಇದೇನಿದು?" ಅಂದ ಆಸ್ಗರ್.

"ನೀನು."

"ನಾನು ಹಾಗೆ ಕೂರಲ್ಲ."

"ಕೂರ್ತೀಯ ಕಣೋ. ದಿನಾ ಕೂರ್ತೀಯ."

ಅವನು ಜಾಕೆಟ್ ಬಿಚ್ಚಿ ಕುರ್ಚಿಯ ಮೇಲಿಟ್ಟು ಹೊರಟುಹೋದ. ಸಿಡ್ಸೆಲ್ ಮುಖ ಮುಚ್ಚಿಕೊಂಡಳು. ಟೀಚರ್ ಪಕ್ಕದಲ್ಲಿ ಕೂತು, "ತಪ್ಪು ಮಾಡಿಲ್ಲ ನೀನು. ಬೇಡ ಅನ್ಸಿದ್ರೆ ಇಲ್ಲಿಗೇ ನಿಲ್ಲಿಸೋಣ," ಅಂದರು. ನಿಲ್ಲಿಸುವುದು ಬೇಡವೆಂದು ಅವಳು ತಲೆಯಾಡಿಸಿದಳು.

ಮುಂದಿನ ಮಂಗಳವಾರ ಆಸ್ಗರ್ ಬರಲಿಲ್ಲ. ಅವನ ಪಾತ್ರವನ್ನು ಬೇರೆಯವರಿಗೆ ಕೊಡೋಣವೇ ಎಂದು ನಾನು ಕೇಳಿದರೆ ಟೀಚರ್ ಒಪ್ಪಲಿಲ್ಲ. "ಪಾತ್ರ ಅವನದೇ. ಅಲ್ಲೀತನಕ ಅಡುಗೆ ಸಾಹೇಬ್ರು ನಿಂತ್ಕೊಳ್ಲಿ," ಅಂದರು. ನನ್ನ ಗಾತ್ರಕ್ಕೆ ಆ ಜಾಕೆಟ್ಟಿನ ಒಂದು ತೋಳೂ ಏರಲಿಲ್ಲ. ಸಿಡ್ಸೆಲ್ ಕಣ್ಣೊರೆಸಿಕೊಂಡೇ ನಕ್ಕಳು.

ಅದರ ಮುಂದಿನ ವಾರ ಅವನು ಬಂದ. ಯಾರನ್ನೂ ಮಾತಾಡಿಸದೆ ನೇರ ಅವಳೆದುರು ನಿಂತ.

"ನಾನು ಕಾರಲ್ಲಿ ಕೂತಾಗ ನೀನೆಲ್ಲಿರ್ತಿದ್ದೆ?"

"ಅಡುಗೆಮನೆ ಕಿಟಕೀಲಿ. ದೀಪ ಆರಿಸಿ, ಪರದೆ ಹಿಂದೆ."

"ಹೊರಗೆ ಬರಬೋದಿತ್ತಲ್ಲ?"

"ಒಂದ್ಸಲ ಬಂದೆ. ನೀನು ಗಾಡಿ ತಿರುಗಿಸ್ಕೊಂಡು ಹೋಗ್ಬಿಟ್ಟೆ. ಆಮೇಲೆ ನಂಗೆ ಧೈರ್ಯ ಬರ್ಲಿಲ್ಲ."

ಅವನಿಗೆ ಅದು ನೆನಪೇ ಇರಲಿಲ್ಲ. ಆಮೇಲೆ ನನ್ನ ಕೈಯಿಂದ ಜಾಕೆಟ್ ತೆಗೆದುಕೊಂಡು, "ಪರದೆ ಎಲ್ಲಿ ಕಟ್ಟಬೇಕು, ಹೇಳು," ಅಂದ.

ವಸಂತದ ಒಂದು ಭಾನುವಾರ ಮಧ್ಯಾಹ್ನ ನಾಟಕವಾಯಿತು. ಹಾಲ್ ತುಂಬ ಅಪ್ಪ ಅಮ್ಮಂದಿರು, ಮಕ್ಕಳು, ಬ್ಯಾರಕಿನ ಹೊಸ ಹುಡುಗರು. ಗಡ್ಡದ ಗಂಡಸರು ಏಪ್ರನ್ ಕಟ್ಟಿ ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಕೊನೆಗೆ ಇವರಿಬ್ಬರ ಸರದಿ. ಸಿಡ್ಸೆಲ್ ಕಾರಿನಲ್ಲಿ ಕೂತಳು. ಆಸ್ಗರ್ ಪರದೆಯ ಹಿಂದೆ ನಿಂತ. ಅಭ್ಯಾಸದಲ್ಲಿ ಇಷ್ಟಕ್ಕೇ ದೀಪ ಆರಿ ದೃಶ್ಯ ಮುಗಿಯುತ್ತಿತ್ತು. ನನ್ನ ಕೈ ದೀಪದ ಸ್ವಿಚ್ಚಿನ ಮೇಲಿತ್ತು.

ಅಷ್ಟರಲ್ಲಿ ಆಸ್ಗರ್ ಪರದೆ ಸರಿಸಿ ಹೊರಬಂದ. ಟೀಚರ್ ನನ್ನ ಮಣಿಕಟ್ಟು ಹಿಡಿದು ತಡೆದರು. ಅವನು ಇನ್ನೊಂದು ಕುರ್ಚಿ ತಂದು ಕಾರಿನ ಪಕ್ಕದ ಸೀಟಿನಂತೆ ಇಟ್ಟು, ಇಲ್ಲದ ಬಾಗಿಲನ್ನು ಮೆಲ್ಲಗೆ ತೆರೆದು, ಕೂತ.

"ಒಳಗೆ ಬರ್ತೀಯಾ?" ಅಂದ, ಹೆಂಡತಿಯ ಪಾತ್ರದಲ್ಲೇ.

ಸಿಡ್ಸೆಲ್ ಸ್ಟಿಯರಿಂಗ್ ಬಿಡಲಿಲ್ಲ. "ಇನ್ನೂ ಸ್ವಲ್ಪ ಹೊತ್ತು."

"ಸರಿ. ಅವಸರ ಏನಿಲ್ಲ. ನಾನೂ ಇಲ್ಲೇ ಇರ್ತೀನಿ."

ಇಬ್ಬರೂ ಮುಂದೆ ನೋಡುತ್ತ ಕೂತರು. ಟೀಚರ್ ಯಾವಾಗ ನನ್ನ ಕೈ ಬಿಟ್ಟರೋ, ನಾನು ಯಾವಾಗ ದೀಪ ಆರಿಸಿದೆನೋ ತಿಳಿಯದು. ಕತ್ತಲಲ್ಲಿ ಮೊದಲು ಎದ್ದು ಚಪ್ಪಾಳೆ ತಟ್ಟಿದ್ದು ಆಲೂಗಡ್ಡೆ ಸುಲಿಯುತ್ತಿದ್ದ ಗಂಡಸರು.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಆಸ್ಗರ್ ಈಗಲೂ ಕೆಲವು ಸಂಜೆ ಕಾರಿನಿಂದ ಇಳಿಯುವುದಿಲ್ಲ. ಆದರೆ ಸಿಡ್ಸೆಲ್ ಎರಡು ಲೋಟ ಕಾಫಿ ಹಿಡಿದು ಹೋಗಿ ಪಕ್ಕದಲ್ಲಿ ಕೂರುತ್ತಾಳಂತೆ. ಒಂದು ದಿನ ಹೆಲ್ಮಂಡ್‌ನಲ್ಲಿ ಸತ್ತ ಗೆಳೆಯನ ಹೆಸರನ್ನು ಅವನು ಮೊದಲ ಸಲ ಹೇಳಿದ್ದೂ ಅಲ್ಲೇ ಅಂತೆ. ಆಮೇಲೆ ಅವನೇ ಸೈನ್ಯದ ವೈದ್ಯರ ಬಳಿ ಹೋಗಲು ಒಪ್ಪಿದ.

ಇದೆಲ್ಲ ನಿಮ್ಮಿಂದಲೇ ಆಯಿತು ಎಂದು ಟೀಚರ್‌ಗೆ ಹೇಳಿದೆ. ಅವರು ನನ್ನನ್ನು ಗದರಿಬಿಟ್ಟರು. "ನಾನು ಕುರ್ಚಿ ಇಟ್ಟೆ ಅಷ್ಟೇ ಕಣಯ್ಯಾ. ಕೂರೋ ಧೈರ್ಯ ಅವರದು. ಈಗ ಮಾತು ಸಾಕು, ಮುಂದಿನ ನಾಟಕಕ್ಕೆ ನಿನ್ನಳತೆಯದೊಂದು ಲಂಗ ಹೊಲಿಸ್ಬೇಕು, ನಿಂತ್ಕೋ," ಅಂತ ಟೇಪು ಹಿಡಿದು ನನ್ನ ಸೊಂಟ ಸುತ್ತಿದರು. ಟೇಪು ಸಾಲಲಿಲ್ಲ.